ಪಿಳ್ಳಮ್ಮನ ಕಣ

ಹದ್ದಿನಬೆಟ್ಟದ ರೆಸಾರ್ಟಿನ ಗಾಲ್ಫ್ ಮೈದಾನದಲ್ಲಿ ಒಂಬತ್ತು ಕುಳಿಗಳಿವೆ. ಅವುಗಳಲ್ಲಿ ಎಂಟರ ಸುತ್ತ ಬೇಸಿಗೆಯಲ್ಲೂ ಹುಲ್ಲು ಹಸಿರಾಗಿರುತ್ತದೆ. ತಪ್ಪಲಿನ ಊರುಗಳ ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬರುವ ದಿನಗಳಲ್ಲೂ ಅದು ಬಾಡಿದ್ದನ್ನು ಕಂಡವರಿಲ್ಲ. ಆರನೆಯದರ ಸುತ್ತ ಮಾತ್ರ ಹುಲ್ಲಿಲ್ಲ. ಅಲ್ಲಿರುವುದು ಎಣ್ಣೆ ಕುಡಿದು ಕಪ್ಪಾದ ಮರಳಿನ ದುಂಡನೆಯ ನೆಲ, ಅದನ್ನು ಬಳಸಿದ ಒಂದು ಬಿಳಿ ಗೆರೆ, ಪಕ್ಕದಲ್ಲೊಂದು ಮುದಿ ಹೊಂಗೆ ಮರ. ಈ ಜಾಗದ ಹೆಸರು ಪಿಳ್ಳಮ್ಮನ ಕಣ. ಯಾವುದೋ ಕಾಲದಲ್ಲಿ ಇಲ್ಲಿ ರಾಗಿ ಒಕ್ಕುತ್ತಿದ್ದರು ಎಂದು ಬಂದವರು ನಂಬುತ್ತಾರೆ. ಹಾಗೆ ಹೇಳುವ ಗೈಡುಗಳೂ ಸಿಗುತ್ತಾರೆ. ಈ ಬಂಡೆಬೆಟ್ಟದ ಮೇಲೆ ಒಂದು ತೆನೆ ಬೆಳೆದದ್ದಿಲ್ಲ, ಒಕ್ಕಿದ್ದೂ ಇಲ್ಲ.

ಈ ಕಣದ ಜಗಳ ನಡೆದದ್ದು ಹಿಂದೆ ಒಮ್ಮೆ, ಎಂದರೆ ಸುಮಾರು ನಲವತ್ತು ವರ್ಷದ ಹಿಂದೆ. ಐತಿಹ್ಯಕ್ಕೆ ಇಷ್ಟು ಹಳಮೆ ಸಾಲದು ಎನ್ನಬಹುದು. ಆದರೆ ಕಣ್ಣಾರೆ ಕಂಡ ಮೂವರು ಈಗಾಗಲೇ ಮೂರು ಥರ ಹೇಳುತ್ತಾರೆ, ಅಷ್ಟು ಸಾಕು. ಮೈದಾನ ಮಾಡಿಸಿದವನು ಅದಕ್ಕೂ ಹಿಂದಿನ ಒಬ್ಬ ಇಂಗ್ಲಿಷ್ ಎಂಜಿನಿಯರು. ಬೆಟ್ಟದಲ್ಲಿ ಹುಲ್ಲಿಗೆ ನೀರಿರಲಿಲ್ಲವಾಗಿ, ಕುಳಿಗಳ ಸುತ್ತ ಮರಳಿಗೆ ಎಣ್ಣೆ ಕಲಸಿ ಹಾಸುತ್ತಿದ್ದರು. ಆಟಗಾರ ಚೆಂಡನ್ನು ಕುಳಿಗೆ ತಳ್ಳುವ ಮೊದಲು ಒಬ್ಬರು ಬಿದಿರಿಗೆ ಸುತ್ತಿದ ಗೋಣಿಯನ್ನು ಎಳೆದು ಹೆಜ್ಜೆ ಗುರುತು ಅಳಿಸಬೇಕು. ಆರನೇ ಕುಳಿಯಲ್ಲಿ ಆ ಕೆಲಸ ಪಿಳ್ಳಮ್ಮನದು. ತಪ್ಪಲಿನ ಒಕ್ಕಲು ಮನೆಯ ಹೆಂಗಸು. ನೆಲ ನುಣುಪು ಮಾಡುವುದನ್ನು ತವರಿನ ಕಣದಲ್ಲಿ ಕಲಿತು ಬಂದವಳು. ಆ ಮರಳನ್ನೂ ಅವಳು ಕಣದಂತೆಯೇ ನಡೆಸಿಕೊಂಡಳು, ಎಂದರೆ ಮೆಟ್ಟು ಹಾಕಿಕೊಂಡು ಯಾರನ್ನೂ ಹತ್ತಗೊಡಲಿಲ್ಲ. ಆಟದ ಚೀಲ ಹೊರುವವರು ತಮಾಷೆಗೆ ಅದನ್ನು ಪಿಳ್ಳಮ್ಮನ ಕಣ ಎಂದರು. ಜಿಲ್ಲಾ ಜಡ್ಜರೊಬ್ಬರ ಬೂಟನ್ನೂ ಆಕೆ ಬಿಚ್ಚಿಸಿದಳು ಎನ್ನುತ್ತಾರೆ. ಜಡ್ಜರ ಎಡಗಾಲಿನ ಕಾಲುಚೀಲ ತೂತಾಗಿತ್ತು ಎಂಬ ವಿವರವೂ ಜೊತೆಗಿರುವುದರಿಂದ ಇದನ್ನು ನಂಬಬಹುದು.

ಕಾಲಕ್ರಮದಲ್ಲಿ ರೆಸಾರ್ಟಿನ ಹಳೆ ಬಂಗಲೆಯ ಮಾಡು ಸೋರಿತು, ಮೈದಾನದಲ್ಲಿ ಲಂಟಾನ ಬೆಳೆಯಿತು, ಬರುವವರು ಕಡಿಮೆಯಾದರು. ಕರಾವಳಿಯ ಹೋಟೆಲು ಉದ್ಯಮಿ ವಾಮನ ಶೆಟ್ಟರು ಇಡೀ ರೆಸಾರ್ಟನ್ನು ಕೊಂಡರು. ಮೈದಾನದ ಉಸ್ತುವಾರಿಗೆ ನಿವೃತ್ತ ಕರ್ನಲ್ ಚೆಂಗಪ್ಪನವರನ್ನು ಕರೆಸಿದರು. ಶೆಟ್ಟರಿಗೆ ಎಲ್ಲವೂ ಹೊಸದಾಗಬೇಕಿತ್ತು: ಹುಲ್ಲು, ಕೊಳ, ಕೊಳದ ನಡುವೆ ಬಣ್ಣದ ಕಾರಂಜಿ. ಕರ್ನಲರಿಗೆ ಎಲ್ಲವೂ ಹಳೆಯದಾಗಬೇಕಿತ್ತು. ಇಂಗ್ಲಿಷಿನವನ ನಕ್ಷೆ ಅವರಿಗೆ ಸಿಕ್ಕಿತ್ತು, ಅದರಲ್ಲಿದ್ದಂತೆ ಅಂಗುಲ ಅಂಗುಲವೂ ಮರಳಿ ಬರಬೇಕು. ಇಬ್ಬರೂ ತಾವು ಮಾಡುವುದನ್ನು ಜೀರ್ಣೋದ್ಧಾರ ಎಂದೇ ಕರೆದರು. ಕಲ್ಲುಕಂಬಕ್ಕೆ ಎನಾಮಲ್ ಬಳಿಯುವುದಕ್ಕೂ ಬಳಿದದ್ದನ್ನು ಕೆರೆದು ತೆಗೆಯುವುದಕ್ಕೂ ನಮ್ಮಲ್ಲಿ ಅದೇ ಹೆಸರಾದ್ದರಿಂದ ಇದರಲ್ಲಿ ಯಾರ ತಪ್ಪೂ ಇಲ್ಲ.

ಆರನೇ ಕುಳಿಗೆ ಬಂದಾಗ ಜಗಳ ಬಿಗಿಯಾಯಿತು. ಶೆಟ್ಟರ ಕೊಳ ಬರಬೇಕಾದದ್ದು ಅಲ್ಲಿ. ಕರ್ನಲರು ಮಟ್ಟಗೋಲು ಇಟ್ಟು ನೋಡಿದರೆ ನೆಲ ಹೊಂಗೆ ಮರದ ಕಡೆಗೆ ಒಂದು ಗೇಣು ವಾಲಿದೆ. ನಕ್ಷೆಯಲ್ಲಿ ಅದು ಸಮತಟ್ಟು. ಇದನ್ನು ಹೀಗೆ ಕೆಡಿಸಿದವರು ಯಾರು ಎಂದು ಅವರು ಕೇಳಿದರು.

"ನಾನೇ ಸ್ವಾಮಿ," ಎಂದಳು ಪಿಳ್ಳಮ್ಮ. "ಮೂವತ್ತು ವರ್ಷ ಹಿಡೀತು."

ಅವಳ ಗೋಣಿ ಇರುತ್ತಿದ್ದುದು ಹೊಂಗೆಯ ಕೊಂಬೆಯಲ್ಲಿ. ಅಲ್ಲಿಂದ ತೆಗೆದು ಅಲ್ಲಿಂದಲೇ ಎಳೆಯಲು ತೊಡಗುವಳು. ಪ್ರತಿ ಎಳೆತಕ್ಕೂ ಚಿಟಿಕೆ ಮರಳು ಮರದಿಂದ ಆಚೆಗೆ ಸರಿದಿತ್ತು. ಕರ್ನಲರು ಇದನ್ನು ಸವೆತ ಎಂದು ಬರೆದುಕೊಂಡರು. ಆ ನಕ್ಷೆ ಬರೆದ ದೊರೆ ಇಲ್ಲಿ ಎಷ್ಟು ದಿನ ಗೋಣಿ ಎಳೆದಿದ್ದ ಎಂದು ಆಕೆ ಕೇಳಿದಳಂತೆ, ಉತ್ತರ ನಕ್ಷೆಯಲ್ಲಿರಲಿಲ್ಲ. ಕೊಳವಾಗಲಿ, ಸಮತಟ್ಟಾಗಲಿ, ಮೊದಲು ಅಗೆಯಬೇಕು ಎಂಬಲ್ಲಿ ಶೆಟ್ಟರೂ ಕರ್ನಲರೂ ಒಂದಾದರು. ಅವರು ಒಪ್ಪಿದ ಮಾತು ಅದೊಂದೇ. ಪಿಳ್ಳಮ್ಮನಿಗೆ ಗುಲಾಬಿ ತೋಟದಲ್ಲಿ ಅದೇ ಸಂಬಳದ ಕೆಲಸ ಕೊಡುವುದಾಗಿ ಹೇಳಿದರು. ಅವಳು ಗೋಣಿಯನ್ನು ಕೊಂಬೆಗೆ ಸಿಕ್ಕಿಸಿ ಬೆಟ್ಟ ಇಳಿದಳು. ಆ ಗೇಣಿನ ಇಳಿಜಾರು ಹೋದರೆ ಬೆಟ್ಟದ ಮೇಲೆ ತನ್ನದೆನ್ನಲು ಏನೂ ಉಳಿಯುವುದಿಲ್ಲ ಎಂಬುದನ್ನು ಸಂಬಳದ ಮಾತಾಡುವವರಿಗೆ ಹೇಳುವುದು ಕಷ್ಟ.

ಮರುದಿನ ಬೆಳಿಗ್ಗೆ ಬುಲ್ಡೋಜರು ಬಂದಾಗ ಕಣದ ಸುತ್ತ ಬೂದಿಯ ಗೆರೆ ಎಳೆದಿತ್ತು. ನಡುವೆ ಸಗಣಿಯ ಬೆನಕ, ಅದರ ತಲೆಗೆ ಗರಿಕೆ. ಕಣದಲ್ಲಿ ಧಾನ್ಯದ ರಾಶಿ ಹಾಕಿದ ಮೇಲೆ ಬಯಲುಸೀಮೆಯ ಒಕ್ಕಲಿಗರು ಮಾಡುವುದು ಇದನ್ನೇ. ರಾಶಿ ಹಾಕಿದವರೇ ಅಳೆದು ಎತ್ತುವ ತನಕ ಆ ಗೆರೆಯನ್ನು ಬೇರೆ ಯಾರೂ ದಾಟುವುದಿಲ್ಲ. ಡ್ರೈವರ್ ಆಂಜಿನಪ್ಪ ತಪ್ಪಲಿನವನೇ. ಗಾಡಿ ನಿಲ್ಲಿಸಿ ಇಳಿದ, ಚಪ್ಪಲಿ ಬಿಟ್ಟ, ಕೈಕಟ್ಟಿ ನಿಂತ. ಅಲ್ಲಿ ಒಂದು ಕಾಳೂ ಇಲ್ಲವಲ್ಲ ಎಂದು ಶೆಟ್ಟರು ರೇಗಿದರು.

"ಕಾಣೋ ರಾಶಿ ಆಗಿದ್ರೆ ಎಷ್ಟಿದೆ ಅಂತಾದ್ರೂ ಗೊತ್ತಾಗೋದು," ಎಂದ ಆಂಜಿನಪ್ಪ. "ಇದರ ತಂಟೆ ನಂಗೆ ಬ್ಯಾಡ ಸ್ವಾಮಿ."

ಡೀಸೆಲ್ ಮುಗಿದಿತ್ತು, ಅದಕ್ಕೇ ಅವನು ಭಕ್ತನಾದ ಎಂಬ ಇನ್ನೊಂದು ಪಾಠವೂ ಇದೆ. ಅದೂ ಇರಬಹುದು. ಆದರೆ ಮರುದಿನ ಬಂದ ಬೇರೆ ಡ್ರೈವರನೂ ಚಪ್ಪಲಿ ಬಿಟ್ಟ. ಕೊನೆಗೆ ಶೆಟ್ಟರೇ ಹೊಂಗೆಯ ನೆರಳಿಗೆ ನಡೆದು ಬಂದರು. ದೊಡ್ಡ ಹೋಟೆಲು ಕಟ್ಟುವ ಮೊದಲು ಅವರೂ ಗದ್ದೆಯ ಮನೆಯವರೇ. ಗೆರೆಯ ಹತ್ತಿರ ಅವರ ಕಾಲೂ ನಿಂತಿತು ಎನ್ನುತ್ತಾರೆ.

"ರಾಶಿ ಎತ್ತುವುದು ಯಾವಾಗ ಮಾರಾಯ್ತಿ?"

"ಅಳೆದು ಮುಗಿದ ಮೇಲೆ ಸ್ವಾಮಿ."

"ಅಳೆಯಲಿಕ್ಕೆ ಅಲ್ಲಿ ಏನುಂಟು?"

"ಅದನ್ನೇ ನೋಡ್ತಾ ಇದೀನಿ," ಎಂದು ಪಿಳ್ಳಮ್ಮ ಗೋಣಿ ಎತ್ತಿಕೊಂಡಳು.

ಅವಳು ಅಳೆದು ಮುಗಿಸಲಿಲ್ಲ. ಇನ್ನೂ ಹನ್ನೆರಡು ವರ್ಷ ಬದುಕಿದಳು. ಪ್ರತಿ ಸುಗ್ಗಿಗೂ ಬೂದಿ ಹೊಸದಾಯಿತು. ಶೆಟ್ಟರ ಕಾರಂಜಿ ನಾಲ್ಕನೇ ಕುಳಿಗೆ ಹೋಯಿತು. ಕರ್ನಲರು ನಕ್ಷೆಗೆ ಚೌಕಟ್ಟು ಹಾಕಿಸಿ ಬಂಗಲೆಯ ಗೋಡೆಗೆ ತೂಗುಹಾಕಿದರು.

ನಕ್ಷೆ ಇಂದಿಗೂ ಅಲ್ಲೇ ಇದೆ, ಆರನೇ ಕುಳಿ ಅದರಲ್ಲಿ ಸಮತಟ್ಟಾಗಿಯೇ ಇದೆ. ಕಣದ ಪಕ್ಕ ನೆಟ್ಟ ಫಲಕವು ಈ ಇಳಿಜಾರನ್ನು ಇಂಗ್ಲಿಷ್ ಎಂಜಿನಿಯರನ ಅಪೂರ್ವ ಪ್ರತಿಭೆಯ ಫಲ ಎನ್ನುತ್ತದೆ. ಬೂದಿಯ ಗೆರೆಯನ್ನು ಈಗ ಸಿಬ್ಬಂದಿ ಶನಿವಾರಗಳಂದು ಸುಣ್ಣದ ಪುಡಿಯಲ್ಲಿ ಹಾಕುತ್ತಾರೆ, ಅತಿಥಿಗಳು ಫೋಟೊ ತೆಗೆಯುತ್ತಾರೆ. ಗೆರೆಯ ಹೊರಗೆ ದುಬಾರಿ ಬೂಟುಗಳು ಸಾಲಾಗಿ ನಿಂತಿರುತ್ತವೆ. ನೇರ ಗುರಿಯಿಟ್ಟು ತಳ್ಳಿದ ಚೆಂಡು ಕುಳಿಯ ಹತ್ತಿರ ಬಂದು, ಮನಸ್ಸು ಬದಲಿಸಿದ ಹಾಗೆ ಹೊಂಗೆಯ ಕಡೆಗೆ ಹೊರಳುತ್ತದೆ. ಆಟಗಾರರು ನೆಲವನ್ನು ಬೈಯುತ್ತಾರೆ. ಅವರು ಅತ್ತ ಹೋದ ಮೇಲೆ, ಈಗ ಕೆಲಸಕ್ಕಿರುವ ಹೆಂಗಸು ಮರದ ಕೊಂಬೆಯಿಂದ ಗೋಣಿ ತೆಗೆದು ಅಲ್ಲಿಂದಲೇ ಎಳೆಯಲು ತೊಡಗುತ್ತಾಳೆ. ಪಿಳ್ಳಮ್ಮನನ್ನು ಅವಳು ನೋಡಿದವಳಲ್ಲ. ಹೀಗೇ ಎಳೆಯಬೇಕೆಂದು ಯಾರೂ ಹೇಳಿಕೊಟ್ಟೂ ಇಲ್ಲ. ಗೋಣಿ ಇರುವುದು ಅಲ್ಲಿ, ಅಷ್ಟೆ.