ರಾಕ್ಷಸರ ಮನೆಗೆ ಬಂದ ಬಳೆಗಾರ

“ಗುರುಗಳೇ, ಎಷ್ಟು ಜಪ ಮಾಡಿದರೂ ಭಯ ನನ್ನನ್ನು ಬಿಡುತ್ತಿಲ್ಲ. ಅದನ್ನು ಓಡಿಸುವುದು ಹೇಗೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಬಳೆಗಾರನಿದ್ದ. ಬಲು ಪುಕ್ಕಲ. ಹಲ್ಲಿ ಲೊಚಗುಟ್ಟಿದರೂ ಬೆಚ್ಚುತ್ತಿದ್ದ. ಒಂದು ಮಧ್ಯಾಹ್ನ ಅವನು ಬಳೆಯ ಮಲಾರ ಹೊತ್ತು ಬೆಟ್ಟ ದಾಟುತ್ತಿದ್ದಾಗ ಆಲಿಕಲ್ಲು ಸುರಿಯತೊಡಗಿತು. ಬಳೆಗಳೆಲ್ಲ ಒಡೆದುಹೋದಾವೆಂದು ಹತ್ತಿರದ ಗವಿಯೊಳಕ್ಕೆ ನುಗ್ಗಿದ. ಒಳಗೆ ರಾಕ್ಷಸ, ರಾಕ್ಷಸಿ ಮತ್ತು ಅವರ ಮಗಳು ಊಟಕ್ಕೆ ಕೂತಿದ್ದರು.

ಬಳೆಗಾರ ಗವಿಯ ಗೋಡೆಗೆ ಅಂಟಿಕೊಂಡ. ಅಷ್ಟರಲ್ಲಿ ಗವಿಯೇ ನಡುಗುವಂತೆ ಯಾರೋ ಚೀರಿದರು. ಚೀರಿದ್ದು ಆ ಮಗು. ಆನೆಯಷ್ಟಿದ್ದ ಮಗು ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿ, “ಅಮ್ಮಾ, ಮನುಷ್ಯ! ಮನುಷ್ಯ!” ಎಂದು ಅಳತೊಡಗಿತು.

ರಾಕ್ಷಸ ಎದ್ದು ಬಳೆಗಾರನತ್ತ ಬಂದ. ತನ್ನ ಕತೆ ಮುಗಿಯಿತೆಂದು ಬಳೆಗಾರ ಕಣ್ಣು ಮುಚ್ಚಿದ. ರಾಕ್ಷಸ ಕೈ ಮುಗಿದು, “ಸ್ವಾಮಿ, ಮಗುವಿಗೆ ಮಾತ್ರ ಏನೂ ಮಾಡಬೇಡಿ,” ಎಂದ.

ರಾಕ್ಷಸಿಗೆ ನಾಚಿಕೆಯಾಯಿತು. “ತಪ್ಪು ತಿಳಿಯಬೇಡಿ. ಉಣ್ಣದೆ ಹಟ ಮಾಡಿದಾಗೆಲ್ಲ ‘ಮನುಷ್ಯ ಬಂದ ನೋಡು’ ಎಂದು ನಾನೇ ಹೆದರಿಸಿಬಿಟ್ಟಿದ್ದೇನೆ,” ಎಂದಳು.

ತಾಯಿ ಮುದ್ದಿಸಿದಳು, ತಂದೆ ಕೋಡು ಅಲ್ಲಾಡಿಸಿ ಕುಣಿದ. ಅಳು ನಿಲ್ಲಲಿಲ್ಲ. ಮಗು ಅತ್ತು ಅತ್ತು ಬಿಕ್ಕತೊಡಗಿತು. ಬಳೆ ಇಡಿಸಿಕೊಳ್ಳಲು ಹೆದರಿ ಅಳುವ ಮಕ್ಕಳನ್ನು ಬಳೆಗಾರ ಊರೂರಲ್ಲಿ ಕಂಡಿದ್ದ. ಮಲಾರ ಇಳಿಸಿ ಮಂಡಿಯೂರಿ ಕೂತ.

“ಬಾ ನನ್ನವ್ವ, ನೋಯಿಸೋದಿಲ್ಲ. ಕೆಂಪು ಬೇಕೋ, ಹಸಿರು ಬೇಕೋ?”

ಸೆರಗಿನ ಮರೆಯಿಂದ ಒಂದು ಕಣ್ಣು ಇಣುಕಿತು. “ಹಸಿರು,” ಎಂದಿತು ಮಗು.

ಎಲ್ಲಕ್ಕಿಂತ ದೊಡ್ಡ ಬಳೆಯೂ ಆ ಕೈಗೆ ಹಿಡಿಯಲಿಲ್ಲ. ಬಳೆಗಾರ ಅದನ್ನು ಕಿರುಬೆರಳಿಗೆ ತೊಡಿಸಿದ. ಉಂಗುರದ ಹಾಗೆ ಕೂತಿತು. ಮಗು ಕೈ ಕುಣಿಸಿ ನಕ್ಕಿತು. ಆಮೇಲೆ ರಾಕ್ಷಸಿ ತಾನೂ ಬೆರಳು ಚಾಚಿದಳು. ಕೊನೆಗೆ ರಾಕ್ಷಸ ಅತ್ತಿತ್ತ ನೋಡಿ, ಮೆಲ್ಲಗೆ ತನ್ನ ಬೆರಳನ್ನೂ ಮುಂದಿಟ್ಟ. ಬಳೆ ತುದಿಗಷ್ಟೇ ಹತ್ತಿತು. ಅವನು ಅಷ್ಟಕ್ಕೇ ಹಿಗ್ಗಿದ.

ಬಳೆಗಾರನ ಊಟ ಅಲ್ಲೇ ಆಯಿತು. ಆಲಿಕಲ್ಲು ನಿಂತ ಮೇಲೆ ರಾಕ್ಷಸ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಟ್ಟ ದಾಟಿಸಿದ.

ಶಿಷ್ಯನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಕೇಳಿದ: “ಬಳೆಗಾರ ತನ್ನ ಭಯವನ್ನು ಓಡಿಸಿದ್ದು ಯಾವ ಗಳಿಗೆಯಲ್ಲಿ, ಗುರುಗಳೇ?”

ಗುರುಗಳೆಂದರು: “ಅದು ಹೋದದ್ದನ್ನು ಅವನೂ ನೋಡಲಿಲ್ಲ, ಎದುರಿಗೆ ಮಗು ಅಳುತ್ತಿತ್ತಲ್ಲ.”