ಹದಿನೇಳರ ನಂತರ

ಪೋ ನದಿಯ ದಂಡೆಯ ಒಂದು ಹಳ್ಳಿಯಲ್ಲಿ ಒತ್ತಾವಿಯೊ ಎಂಬ ಮುದಿ ಸಿನಿಮಾ ನಿರ್ದೇಶಕರಿದ್ದರು. ಇಟಲಿಯವರು ಅಂಥ ದೊಡ್ಡವರನ್ನು ಮಾಯೆಸ್ತ್ರೋ ಎಂದು ಕರೆಯುತ್ತಾರೆ. ನಾವು ಮೇಷ್ಟ್ರು ಅಂದುಕೊಂಡರೆ ಆಯಿತು.

ಮೇಷ್ಟ್ರು ಹುಟ್ಟಿದ್ದು ಅದೇ ಹಳ್ಳಿಯಲ್ಲಿ. ಹತ್ತೊಂಬತ್ತನೇ ವಯಸ್ಸಿಗೆ ರೋಮ್ ಸೇರಿ ಸ್ಟುಡಿಯೋದಲ್ಲಿ ಕೇಬಲ್ ಎಳೆದರು. ಯುದ್ಧ ಮುಗಿದಾಗ, ಕುಸಿದ ಮನೆಗಳ ನಡುವೆ ಬಟ್ಟೆ ಒಗೆಯುವ ಹೆಂಗಸೊಬ್ಬಳನ್ನು ನಿಲ್ಲಿಸಿ ಮೊದಲ ಸಿನಿಮಾ ತೆಗೆದರು. ಲೋಕವೇ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಆಮೇಲೆ ಅರಮನೆಯಂಥ ಸೆಟ್ಟುಗಳು, ಹೆಸರಾಂತ ತಾರೆಯರು, ಸಾಲಾಗಿ ಮೂರು ಸೋಲು. ಪತ್ರಿಕೆಯವರು ಬದುಕಿರುವಾಗಲೇ ಅವರಿಗೆ ತಿಥಿ ಮಾಡಿ ಮುಗಿಸಿದರು. ಮೇಷ್ಟ್ರು ಗಂಟುಮೂಟೆ ಕಟ್ಟಿಕೊಂಡು ಹೊಳೆಯ ದಂಡೆಗೆ ವಾಪಸಾದರು. ಪ್ರಶಸ್ತಿ ಬಂದಿದ್ದ ಬೆಳ್ಳಿಯ ಬಟ್ಟಲಲ್ಲಿ ಕಾಳು ನೆನೆಹಾಕುತ್ತಿದ್ದರು.

ಅವರಿಗೆ ಲೀವಿಯಾ ಎಂಬ ಶಿಷ್ಯೆ. ಆರು ವರ್ಷದಿಂದ ಜೊತೆಗಿದ್ದಳು. ಯಾವ ಸಿನಿಮಾಕ್ಕೆ ಯಾವ ಲೆನ್ಸು, ಕ್ಯಾಮೆರಾ ಎಷ್ಟು ದೂರ, ಎಲ್ಲವನ್ನೂ ಕೇಳಿ ಕೇಳಿ ನೋಟ್‌ಬುಕ್ಕುಗಳಲ್ಲಿ ಬರೆದುಕೊಂಡಿದ್ದಳು.

ಒಂದು ದಿನ ತಡೆಯಲಾರದೆ ಕೇಳಿದಳು: "ಮೇಷ್ಟ್ರೇ, ನಾನು ನನ್ನದೇ ಸಿನಿಮಾ ಮಾಡೋದು ಯಾವಾಗ?"

"ಕಟ್ ಹೇಳೋದು ಬಂದ ಮೇಲೆ."

ಲೀವಿಯಾಗೆ ನಗು ಬಂತು. "ಅದೇನು ಮಹಾ ವಿದ್ಯೆ? ಬಾಯಿ ಬಿಟ್ಟರೆ ಆಯ್ತಲ್ಲ."

"ಹೂಂ," ಎಂದರು ಮೇಷ್ಟ್ರು. "ಕಾಳು ಬೆಂದಿದೆಯಾ ನೋಡು ಹೋಗು."

ಮರುವರ್ಷ ಮೇಷ್ಟ್ರು ತಮ್ಮ ಕೊನೆಯ ಸಿನಿಮಾಕ್ಕೆ ಕೈ ಹಾಕಿದರು. ಎಲ್ಲ ದೃಶ್ಯಗಳೂ ಮುಗಿದು ಕೊನೆಯದೊಂದು ಉಳಿಯುವ ಹೊತ್ತಿಗೆ ಅವರ ಕಣ್ಣು ಪೂರಾ ಮಂಜಾಗಿತ್ತು.

"ನನಗೆ ಆಚೆ ದಡ ಕಾಣ್ತಿಲ್ಲ," ಎಂದರು. "ಇದನ್ನ ನೀನೇ ತೆಗಿ."

ದೃಶ್ಯ ಗೆದ್ದರೆ ಲೀವಿಯಾಳೂ ನಿರ್ದೇಶಕಿ. ಕೆಟ್ಟರೆ ಮೇಷ್ಟ್ರ ಕೊನೆಯ ಸಿನಿಮಾಕ್ಕೆ ಕೊನೆಯೇ ಇಲ್ಲ. ಉಳಿದಿದ್ದ ರೀಲು ಎರಡೇ ಸಲ ತೆಗೆಯುವಷ್ಟು.

ದೃಶ್ಯ ಇಷ್ಟೇ. ಮಗನನ್ನು ಹೊಳೆಯಲ್ಲಿ ಕಳೆದುಕೊಂಡ ತಂದೆ ದೋಣಿಯಲ್ಲಿ ಕೂತು ನೀರಿನ ಜೊತೆ ಮಾತಾಡುತ್ತಾನೆ. ಆ ಮಾತುಗಳನ್ನು ಲೀವಿಯಾ ಮೂರು ವಾರ ಕೂತು ಬರೆದಿದ್ದಳು. ಒಂದು ಪುಟ. ಓದಿದವರೆಲ್ಲ ಹೊಗಳಿದ್ದರು.

ಪಾತ್ರ ಮಾಡುವವನು ತುಲ್ಲಿಯೊ. ಎಪ್ಪತ್ತು ದಾಟಿದ ಮುದುಕ, ಆ ಹಳ್ಳಿಯ ಅಂಬಿಗ. ಸಿನಿಮಾ ನೋಡಿದವನೇ ಅಲ್ಲ. ಆದರೂ ಪಾತ್ರ ಕೊಡಿ ಎಂದು ತಾನೇ ಮೇಷ್ಟ್ರ ಮನೆ ಬಾಗಿಲಿಗೆ ಬಂದಿದ್ದ. ಯಾಕೆ ಬಂದನೆಂದು ಲೀವಿಯಾ ಕೇಳಿರಲಿಲ್ಲ.

ಒಂದು ಪುಟದ ಮಾತು ಅವನಿಗೆ ಬಾಯಿಪಾಠ ಆಗುವ ಹಾಗಿರಲಿಲ್ಲ. ಅದಕ್ಕೇನೂ ತೊಂದರೆಯಿಲ್ಲ. ಆ ಕಾಲದ ಇಟಲಿಯ ಸಿನಿಮಾದವರಿಗೆ ಒಂದು ರೂಢಿಯಿತ್ತು. ಮಾತನ್ನೆಲ್ಲ ಆಮೇಲೆ ಸ್ಟುಡಿಯೋದಲ್ಲಿ ಬೇರೆಯವರ ದನಿಯಲ್ಲಿ ಡಬ್ ಮಾಡುತ್ತಿದ್ದರು. ಕ್ಯಾಮೆರಾದ ಮುಂದೆ ಒಂದು, ಎರಡು, ಮೂರು ಎಂದು ಎಣಿಸಿದರೂ ನಡೆಯುತ್ತಿತ್ತು. ತುಟಿ ಆಡಿದರೆ ಸಾಕು. ತಾಳೆ ನೋಡುವುದಕ್ಕೆಂದು ಪಕ್ಕದಲ್ಲಿ ಒಂದು ಟೇಪ್ ರೆಕಾರ್ಡರು ಓಡುತ್ತಿತ್ತು, ಅಷ್ಟೆ.

"ಮೂವತ್ತರ ತನಕ ಎಣಿಸಿ ಸಾಕು," ಎಂದಳು ಲೀವಿಯಾ. "ನಿಧಾನಕ್ಕೆ. ನೀರು ನೋಡ್ತಾ."

ತುಲ್ಲಿಯೊ ತಲೆಯಾಡಿಸಿದ. ಬೆಳಗಿನ ಮಂಜು ಇನ್ನೂ ನೀರಿನ ಮೇಲೇ ಇತ್ತು. ಕ್ಯಾಮೆರಾ ಓಡಿತು.

"ಒಂದು," ಎಂದ ತುಲ್ಲಿಯೊ. "ಎರಡು. ಮೂರು."

ದನಿ ಚೆನ್ನಾಗಿತ್ತು, ಮುಖ ಇನ್ನೂ ಚೆನ್ನಾಗಿತ್ತು. ಲೀವಿಯಾ ಖುಷಿಯಿಂದ ಉಸಿರು ಬಿಗಿಹಿಡಿದು ನಿಂತಳು.

"ಹದಿನಾರು. ಹದಿನೇಳು."

ಅಲ್ಲಿಗೆ ನಿಂತುಹೋಯಿತು. ತುಟಿ ಅಲುಗಲಿಲ್ಲ. ಲೀವಿಯಾ ಒಂದು ಕ್ಷಣ ಕಾದಳು, ಎರಡು ಕ್ಷಣ ಕಾದಳು. ರೀಲು ಸುಮ್ಮನೆ ಓಡುತ್ತಿತ್ತು.

"ಕಟ್!" ಎಂದು ಕೂಗಿದಳು.

ಹಿಂದೆ ಕುರ್ಚಿಯಲ್ಲಿದ್ದ ಮೇಷ್ಟ್ರು, ಯಾರೋ ಚಿವುಟಿದ ಹಾಗೆ ಕಣ್ಣು ಮುಚ್ಚಿಕೊಂಡರು.

"ಹದಿನೇಳಾದ ಮೇಲೆ ಹದಿನೆಂಟು, ಅಜ್ಜಾ," ಎಂದಳು ಲೀವಿಯಾ, ಸಿಟ್ಟು ತೋರಿಸದೆ.

"ಗೊತ್ತು ಮಗಳೇ," ಎಂದ ತುಲ್ಲಿಯೊ. "ಅಲ್ಲಿಗೆ ಬಂದರೆ ನನಗೆ ಹಾಗೇ ಆಗ್ತದೆ."

ಅವಳು ಮೇಷ್ಟ್ರ ಹತ್ತಿರ ಓಡಿದಳು. "ಒಂದೇ ಸಲಕ್ಕಾಗುವಷ್ಟು ರೀಲು ಉಳಿದಿದೆ. ಏನು ಮಾಡಲಿ? ಲೆನ್ಸು ಬದಲಾಯಿಸಲಾ? ಹತ್ತಿರ ಹೋಗಲಾ?"

"ಅವನ ಮನೆಗೆ ಹೋಗು," ಎಂದರು ಮೇಷ್ಟ್ರು. "ಒಂದು ಲೋಟ ನೀರು ಕುಡಿದು ಬಾ."

ಮನೆ ಅಲ್ಲೇ ದಂಡೆಯ ಮೇಲಿತ್ತು. ತುಲ್ಲಿಯೊನ ಹೆಂಡತಿ ಎರ್ಸಿಲಿಯಾ ನೀರು ತಂದು ಕೊಟ್ಟಳು. ಲೀವಿಯಾ ಹೊಸ್ತಿಲ ಮೇಲೆ ನಿಂತೇ ಕುಡಿದಳು. ಲೋಟ ಕೆಳಗಿಳಿಸುವಾಗ ಬಾಗಿಲ ಚೌಕಟ್ಟು ಕಣ್ಣಿಗೆ ಬಿತ್ತು.

ಮರದ ಮೇಲೆ ಚಾಕುವಿನಲ್ಲಿ ಗೀರಿದ ಗುರುತುಗಳು, ಪಕ್ಕದಲ್ಲಿ ಅಂಕಿಗಳು, ಒಂದರ ಮೇಲೊಂದು. ತೊಡೆಯ ಎತ್ತರದಲ್ಲಿ ಒಂದು. ಅದರ ಮೇಲೆ ಎರಡು, ಮೂರು. ಸೊಂಟದ ಹತ್ತಿರ ಐದು. ಲೀವಿಯಾ ಬೆರಳಿಟ್ಟುಕೊಂಡು ಮೇಲಕ್ಕೆ ಹೋದಳು. ತನ್ನ ನೆತ್ತಿಗಿಂತ ಒಂದು ಗೇಣು ಮೇಲೆ ಹದಿನೇಳು ಸಿಕ್ಕಿತು.

ಅದರ ಮೇಲೆ ಬರೀ ಮರ.

"ನಮ್ಮ ನಾಂದೊ," ಎಂದಳು ಎರ್ಸಿಲಿಯಾ. "ಹುಟ್ಟಿದ ದಿನ ಬಂತು ಅಂದರೆ ಅವರಪ್ಪ ಇಲ್ಲಿ ನಿಲ್ಲಿಸಿ ಗೀರೋರು. ಹದಿನೇಳಾದ ವರ್ಷ ಹೊಳೆ ತಗೊಂಡುಬಿಡ್ತು. ಇದ್ದಿದ್ದರೆ ಈಗ ನಲವತ್ತೊಂದು."

ತಾನು ಮೂರು ವಾರ ಕೂತು ಬರೆದದ್ದನ್ನು ಆ ಮುದುಕ ಹದಿನೇಳು ಅಂಕಿಗಳಲ್ಲಿ ಹೇಳುತ್ತಿದ್ದ, ಅದರ ಮೇಲೆ ತಾನು ಕೂಗಿದ್ದೆ ಎಂದು ಲೀವಿಯಾಗೆ ನಾಚಿಕೆಯಾಯಿತು.

ವಾಪಸು ಬಂದವಳು ಮೇಷ್ಟ್ರ ಮುಂದೆ ನಿಂತಳು. "ನಿಮಗೆ ಗೊತ್ತಿತ್ತಾ?"

"ಇದು ನನ್ನೂರು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಲೆನ್ಸು ಕೇಳ್ತಿದ್ದೆ. ನಾನು ಲೆನ್ಸು ಹೇಳ್ತಿದ್ದೆ."

ಲೀವಿಯಾ ದೋಣಿಯ ಹತ್ತಿರ ಹೋಗಿ ಕೆಸರಿನಲ್ಲೇ ಕೂತಳು.

"ಅಜ್ಜಾ, ಎಣಿಸೋದು ಬೇಡ. ಯಾವುದಾದರೂ ಪ್ರಾರ್ಥನೆ ಹೇಳಿ. ಇಲ್ಲಾ, ಸುಮ್ಮನೆ ಕೂತಿರಿ, ಅದೂ ಸಾಕು."

ತುಲ್ಲಿಯೊ ಅವಳ ಕಡೆ ತಿರುಗಿದ.

"ಬಾಗಿಲು ನೋಡಿದೆಯಾ?"

"ನೋಡಿದೆ."

"ಹಾಗಾದರೆ ಎಣಿಸ್ತೀನಿ," ಎಂದ. "ಇವತ್ತು ಎಣಿಸಿಬಿಡ್ತೀನಿ."

ಕ್ಯಾಮೆರಾ ಓಡಿತು.

"ಒಂದು," ಎಂದ ತುಲ್ಲಿಯೊ. ಈಗ ಲೀವಿಯಾಗೆ ಅಂಕಿ ಕೇಳಿಸಲಿಲ್ಲ. ಒಂದು ಎಂದರೆ ಚೌಕಟ್ಟು ಹಿಡಿದು ನಿಂತ ಮಗು ಕಂಡಿತು. ಆರು ಎಂದರೆ ಹಲ್ಲು ಬಿದ್ದ ಬಾಯಿ. ಹನ್ನೆರಡಕ್ಕೆ ಅಪ್ಪನಿಂದ ದೋಣಿಯ ಹುಟ್ಟು ಕಿತ್ತುಕೊಳ್ಳುವ ಕೈ.

"ಹದಿನೇಳು."

ನಿಂತಿತು. ಹೊಳೆ ಹರಿಯುತ್ತಿತ್ತು. ರೀಲು ಓಡುತ್ತಿತ್ತು. ಕ್ಯಾಮೆರಾದವನು ಗಾಬರಿಯಿಂದ ಲೀವಿಯಾಳ ಮುಖ ನೋಡಿದ. ಅವಳು ತುಲ್ಲಿಯೊನನ್ನೇ ನೋಡುತ್ತಿದ್ದಳು.

ಮಂಜಿನೊಳಗೆ ಎಲ್ಲೋ ಒಂದು ಬಾತು ಕೂಗಿತು.

"ಹದಿನೆಂಟು," ಎಂದ ತುಲ್ಲಿಯೊ.

ದನಿ ಒಡೆದಿತ್ತು. ಆದರೂ ಮುಂದೆ ಹೋದ. ಹತ್ತೊಂಬತ್ತು. ಇಪ್ಪತ್ತು. ಇರದಿದ್ದ ವರ್ಷಗಳಲ್ಲಿ ಮಗನನ್ನು ಒಂದೊಂದಾಗಿ ಬೆಳೆಸುತ್ತಾ ಹೋದ. ಇಪ್ಪತ್ತೈದಕ್ಕೆ ಸಣ್ಣಗೆ ನಕ್ಕ, ಮದುವೆ ಮಾಡಿದನೋ ಏನೋ. ಮೂವತ್ತು ಬಂತು. ನಿಲ್ಲಲಿಲ್ಲ. ದಂಡೆಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಟೋಪಿ ತೆಗೆದರು. ಹೇಳಿದವರು ಯಾರೂ ಇಲ್ಲ.

"ನಲವತ್ತು," ಎಂದ. ಕೈಯನ್ನು ನೀರಿಗೆ ಇಳಿಬಿಟ್ಟ. "ನಲವತ್ತೊಂದು."

ಆಮೇಲೆ ಅವನೇ ದೋಣಿಯನ್ನು ದಡಕ್ಕೆ ತಂದು ಕಟ್ಟಿ, ಮನೆಯ ಕಡೆ ನಡೆದ.

ಲೀವಿಯಾಗೆ ಎಚ್ಚರವಾದದ್ದು ಆಗ. ಮಾತು ಬರೆದಿದ್ದ ಪುಟವನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗೆ ಹಾಕಿಕೊಂಡಳು. ಮೇಷ್ಟ್ರ ಕುರ್ಚಿಯ ಹತ್ತಿರ ಬಂದಳು.

"ಮೇಷ್ಟ್ರೇ, ಇದಕ್ಕೆ ಡಬ್ಬಿಂಗ್ ಬೇಡ. ಟೇಪಿನಲ್ಲಿರೋ ಅವರ ದನಿಯೇ ಇರಲಿ."

ಮೇಷ್ಟ್ರು ತಲೆಯಾಡಿಸಿದರು.

"ಒಂದು ತಪ್ಪಾಗಿದೆ," ಎಂದಳು. "ರೀಲು ಮೂವತ್ತಮೂರಕ್ಕೇ ಮುಗಿದುಹೋಗಿತ್ತಂತೆ. ನನಗೆ ಗೊತ್ತೇ ಆಗಲಿಲ್ಲ. ನಾನು ಕಟ್ ಹೇಳಲೇ ಇಲ್ಲ."

ಮೇಷ್ಟ್ರು ಮಂಜಾದ ಕಣ್ಣುಗಳನ್ನು ಅವಳ ದನಿ ಬಂದ ಕಡೆಗೆ ತಿರುಗಿಸಿದರು.

"ನಿನ್ನ ಮೊದಲನೇ ಸಿನಿಮಾ ಯಾವ ಊರಲ್ಲಿ ತೆಗೀತೀಯ?"