ದೋಣಿಯಲ್ಲಿ ಪಕ್ಕ ಕೂತವನು

ಹಿಂದೆ, ಬಹಳ ಹಿಂದೆ, ಹೊಳೆಗೆ ಸೇತುವೆ ಬಂದೀತೆಂದು ಯಾರಿಗೂ ಕನಸು ಕೂಡ ಬಿದ್ದಿರದ ಕಾಲದಲ್ಲಿ, ಸಿಹಿನೀರು ಹೋಗಿ ಉಪ್ಪುನೀರು ಸೇರುವ ಕಡೆ ಒಂದು ಊರಿತ್ತು. ಊರು ಒಂದು, ದಡ ಎರಡು. ಪಡುವಣ ದಡದವರು ಪಡುಕೋಡಿಯವರು, ಮೂಡಣ ದಡದವರು ಮೂಡುಕೋಡಿಯವರು. ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುತ್ತಿದ್ದವನು ಒಬ್ಬನೇ, ಹೆರಿಯ ಮರಕಾಲ. ಅವನ ಕಾಲು ಉದ್ದ, ಮಾತು ಗಿಡ್ಡ. ದೋಣಿ ನೂಕುವ ಬಿದಿರ ಜಲ್ಲೆ ಊರಿ ನಿಂತನೆಂದರೆ ಬೆಳ್ಳಕ್ಕಿ ಬಂದು ಅವನ ಹೆಗಲ ಮೇಲೆ ಕೂರುತ್ತಿತ್ತು ಎನ್ನುತ್ತಾರೆ. ಅದನ್ನು ನಂಬಲೇಬೇಕೆಂದಿಲ್ಲ. ಅವನ ದೋಣಿ ಒಮ್ಮೆಯೂ ಮಗುಚಿರಲಿಲ್ಲ ಎನ್ನುತ್ತಾರೆ. ಅದನ್ನು ನಂಬಬಹುದು. ಎರಡೂ ದಡದವರು ಜಗಳವಿಲ್ಲದೆ ಒಪ್ಪುತ್ತಿದ್ದ ಮಾತು ಅದೊಂದೇ.

ಹೊಳೆಯ ನಡುವೆ ಒಂದು ಮರಳ ದಿಬ್ಬವಿತ್ತು. ಭರತದ ಹೊತ್ತಿಗೆ ಅದು ನೀರೊಳಗೆ ಮಲಗುತ್ತಿತ್ತು. ಹುಣ್ಣಿಮೆಯ ದೊಡ್ಡ ಇಳಿತಕ್ಕೆ ಮಾತ್ರ ಎಮ್ಮೆ ಎದ್ದಂತೆ ನಿಧಾನಕ್ಕೆ ಬೆನ್ನು ಮೇಲಕ್ಕೆ ತರುತ್ತಿತ್ತು. ಬೆನ್ನು ಚಪ್ಪಟೆ, ಅಗಲ, ಬಿಸಿಲಿಗೆ ಹೊಳೆಯುವಂಥದ್ದು. ಒಂದು ದಿನ ಆ ದಿಬ್ಬದ ಮೇಲೆ ಒಂದು ತೊಗಲಿನ ಚೆಂಡು ಕೂತಿತ್ತಂತೆ. ಯಾವ ಹಡಗಿನಿಂದ ಬಿತ್ತೋ, ಯಾವ ದೇಶದ್ದೋ, ಸಮುದ್ರ ತಂದು ಇಟ್ಟಿತ್ತು. ಎರಡೂ ದಡದವರು ನಮ್ಮದು ನಮ್ಮದು ಎಂದರು. ಕೈಯಲ್ಲಿ ಎತ್ತಿದವನ ಕೈ ಮುರಿಯುತ್ತೇವೆ ಎಂದರು. ಹಾಗಾಗಿ ಕಾಲಲ್ಲಿ ಒದ್ದರು. ಕಾಲ್ಚೆಂಡು ಆ ಊರಿಗೆ ಬಂದದ್ದು ಹೀಗೆ ಎನ್ನುತ್ತಾರೆ.

ಬರಬರುತ್ತ ಅದೇ ಕಟ್ಟಳೆಯಾಯಿತು. ಮಳೆಗಾಲ ಮುಗಿದ ಮೇಲೆ ಬರುವ ಮೊದಲ ಹುಣ್ಣಿಮೆಯ ದಿನ ದಿಬ್ಬದ ಮೇಲೆ ಆಟ. ಗೆದ್ದ ದಡದವರಿಗೆ ಆ ವರ್ಷ ಹೊಳೆ ಕಡಲು ಸೇರುವ ಅಳಿವೆ ಬಾಗಿಲಲ್ಲಿ ಮೊದಲ ಬಲೆ. ಮೊದಲ ಬಲೆ ಎಂದರೆ ಸಣ್ಣ ಮಾತಲ್ಲ. ಮಳೆಗಾಲವಿಡೀ ಹಸಿದು ಕೂತ ಊರಿಗೆ ಅದು ಅನ್ನ, ಮದುವೆಯ ಸೀರೆ, ಸೂರಿನ ಹುಲ್ಲು. ಇನ್ನೊಂದು ಕಟ್ಟಳೆಯೂ ಇತ್ತು. ಆಟ ಮುಗಿಯುವ ಮೊದಲು ಯಾವ ದಡದವರು ದಿಬ್ಬ ಬಿಟ್ಟು ಹೊರಡುತ್ತಾರೋ ಆ ದಡದವರು ಸೋತಂತೆ.

ದಿಬ್ಬಕ್ಕೆ ಆಯುಷ್ಯ ಕಡಿಮೆ. ನೀರು ತಿರುಗಿ ಬರುವುದರೊಳಗೆ ಆಟ ಮುಗಿಯಬೇಕು. ಹಾಗಾಗಿ ಬಿದ್ದವನಿಗೆ ಅಲ್ಲಿ ಹೊತ್ತಿರಲಿಲ್ಲ. ಬಿದ್ದರೆ ಇಬ್ಬರು ಬಂದು ಕಂಕುಳಿಗೆ ಕೈ ಕೊಟ್ಟು ಎತ್ತಿ ನಿಲ್ಲಿಸುವುದು, ಬೆನ್ನಿಗೊಂದು ಗುದ್ದಿ ಓಡು ಎನ್ನುವುದು. ಕಾಲು ಉಳುಕಿದರೆ ಒಬ್ಬ ಸೊಂಟ ಹಿಡಿದು ಇನ್ನೊಬ್ಬ ಪಾದ ಹಿಡಿದು ಲಟಕ್ಕೆಂದು ಎಳೆಯುವುದು. ಸದ್ದು ಬಂದರೆ ಸರಿಯಾಯಿತು ಎಂದು ಎಲ್ಲರಿಗೂ ಸಮಾಧಾನ. ಕುಂಟರಿಲ್ಲದ ಮನೆ ಎರಡೂ ದಡದಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲವಂತೆ.

ಹೆರಿಯನಿಗೆ ಮುತ್ತ ಎಂಬ ತಮ್ಮನಿದ್ದ. ಪಡುಕೋಡಿಯ ಆಟಗಾರರಲ್ಲಿ ಮುತ್ತನಂಥವನು ಹಿಂದೆ ಇರಲಿಲ್ಲ ಎನ್ನುತ್ತಾರೆ. ಒಂದು ವರ್ಷ ಚೆಂಡಿಗೆ ಎಗರಿದ ಮುತ್ತನ ತಲೆ ಇನ್ನೊಬ್ಬನ ತಲೆಗೆ ಹೊಡೆಯಿತು. ಬಿದ್ದ, ಎದ್ದ, ನನಗೇನೂ ಆಗಿಲ್ಲ ಎಂದ. ಗೆಲ್ಲಿಸಿದ್ದೂ ಅವನೇ. ಹೆಗಲ ಮೇಲೆ ಹೊತ್ತು ದೋಣಿಗೆ ತಂದರು. ಹೊಳೆಯ ನಡುವೆ ಮುತ್ತ ಅಣ್ಣನ ಮುಖ ನೋಡಿ, ನಾವು ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಕೇಳಿದ. ಗೆದ್ದ ಅಮಲಿನಲ್ಲಿ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಹೆರಿಯ ನಕ್ಕುಬಿಟ್ಟ. ಮುತ್ತನೂ ನಕ್ಕ. ಆಮೇಲೆ ದೋಣಿಯ ಹಲಗೆಗೆ ತಲೆ ಕೊಟ್ಟು ಮಲಗಿದ. ದಡ ಬಂದರೂ ಏಳಲಿಲ್ಲ.

ಅಂದಿನಿಂದ ಹೆರಿಯ ನಕ್ಕದ್ದನ್ನು ಕಂಡವರಿಲ್ಲ. ಆದರೆ ಅವನು ಅಳುತ್ತ ಕೂತವನೂ ಅಲ್ಲ. ಮರುವರ್ಷ ಆಟದ ದಿನ ದಿಬ್ಬಕ್ಕೆ ಎಲ್ಲರಿಗಿಂತ ಮೊದಲು ಹೋದ. ಈ ತುದಿಯಿಂದ ಆ ತುದಿಯವರೆಗೆ ಬರಿಗಾಲಲ್ಲಿ ಸುಮ್ಮನೆ ನಡೆದ. ಮಳಿಚಿಪ್ಪು, ಮೀನಿನ ಮುಳ್ಳು, ಮುರಿದ ಗೂಟ, ಏನು ಸಿಕ್ಕಿತೋ ಬುಟ್ಟಿಗೆ ಹಾಕಿದ. ಪಾದವೇ ಕಣ್ಣಾಗಿತ್ತು ಎನ್ನುತ್ತಾರೆ. ದೋಣಿಯಲ್ಲಿ ಅಡಿಕೆಯ ಹಾಳೆ, ಹಳೆ ಪಂಚೆಯ ಒಗೆದ ತುಂಡು, ಮನುಷ್ಯನುದ್ದದ ಒಂದು ಹಲಗೆ ಇಟ್ಟುಕೊಂಡ. ಕಾಲು ಉಳುಕಿದವನನ್ನು ಎಳೆಯಲು ಹೋದವರ ಕೈ ಮೇಲೆ ಜಲ್ಲೆಯಿಂದ ತಟ್ಟಿದ. ಬಿರುಕು ಬಿಟ್ಟ ದೋಣಿಗೆ ಸುತ್ತಿಗೆಯಲ್ಲಿ ಹೊಡೆಯುತ್ತೀರಾ ಎಂದು ಕೇಳಿದ. ಉಳುಕಿದ ಕಾಲನ್ನು ತಣ್ಣೀರಲ್ಲಿ ಇಡಿಸಿದ, ಆಮೇಲೆ ದೋಣಿಯ ಅಂಚಿಗೆ ಎತ್ತಿ ಇಡಿಸಿದ. ಮುರಿದದ್ದನ್ನು ಹೇಗಿತ್ತೋ ಹಾಗೇ ಹಾಳೆಯಲ್ಲಿ ಕಟ್ಟಿದ. ಕುತ್ತಿಗೆ ನೋವು ಎಂದವನನ್ನು ಹಲಗೆಯ ಮೇಲಲ್ಲದೆ ಎತ್ತಗೊಡಲಿಲ್ಲ.

ತಲೆಗೆ ಪೆಟ್ಟಾದವನ ಹತ್ತಿರ ಮಾತ್ರ ಅವನು ಹೇಗಿದ್ದೀ ಎಂದು ಕೇಳುತ್ತಿರಲಿಲ್ಲ. ಆ ಪ್ರಶ್ನೆಗೆ ಆಟಗಾರರು ಹೇಳುವುದೆಲ್ಲ ಸುಳ್ಳು ಎಂದು ಅವನಿಗೆ ಗೊತ್ತಿತ್ತು. ಅವನು ಕೇಳುತ್ತಿದ್ದದ್ದು ಒಂದೇ. ಬರುವಾಗ ದೋಣಿಯಲ್ಲಿ ನಿನ್ನ ಪಕ್ಕ ಯಾರು ಕೂತಿದ್ದರು? ಯಾರ ಪಕ್ಕ ಯಾರು ಕೂತಿದ್ದರೆಂದು ದೋಣಿ ನಡೆಸಿದವನಿಗೆ ಗೊತ್ತು. ಸರಿಯಾಗಿ ಹೇಳಿದವನನ್ನೂ ಅಂದು ಮತ್ತೆ ಆಡಗೊಡುತ್ತಿರಲಿಲ್ಲ, ದೋಣಿಯ ನೆರಳಿಗೆ ಕೂರಿಸುತ್ತಿದ್ದ. ತಪ್ಪಿದವನನ್ನು ಆ ಕ್ಷಣವೇ ದೋಣಿಗೆ ಹಾಕಿ ಮನೆ ಮುಟ್ಟಿಸುತ್ತಿದ್ದ.

ಜನ ಸುಮ್ಮನಿದ್ದಾರೆಯೇ? ಹೆರಿಯನ ದೋಣಿ ಹತ್ತುವಾಗ ಸೀರೆ ಉಟ್ಟು ಬರಬೇಕಾ ಎಂದು ಮೂಡುಕೋಡಿಯವರು ಕೇಳಿದರು. ಪಡುಕೋಡಿಯವರ ಸಿಟ್ಟು ಇನ್ನೂ ಹೆಚ್ಚು. ನಮ್ಮ ದಡದಲ್ಲೇ ಹುಟ್ಟಿ ನಮ್ಮ ಗೆಲುವಿಗೇ ಅಡ್ಡ ಕೂತಿದ್ದಾನೆ ಎಂದರು. ಪಡುಕೋಡಿಯ ಯಜಮಾನ ದಾಸ ಶೆರೆಗಾರ, ಗಿಡ್ಡ ಆಳು, ದೊಡ್ಡ ಗಂಟಲು, ದೋಣಿ ಹತ್ತುವ ಕಡವಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದನಂತೆ, ತಮ್ಮ ಸತ್ತ ಮೇಲೆ ಹೆರಿಯನಿಗೆ ನೆಗಡಿ ಬಂದರೂ ಸಾವೇ ಕಾಣುತ್ತದೆ ಎಂದು. ಹೆರಿಯ ಜಲ್ಲೆ ಊರಿ ದೋಣಿ ನೂಕುತ್ತಿದ್ದ. ಬೇರೆ ದೋಣಿ ಇಲ್ಲ ಎಂಬುದು ಅವನಿಗೂ ಗೊತ್ತು, ಅವರಿಗೂ ಗೊತ್ತು.

ಹೀಗಿರುತ್ತ ಮುತ್ತನ ಮಗ ಶೀನ ಬೆಳೆದ. ಅದೇ ಕಾಲು, ಅದೇ ಎಗರು. ಪಡುಕೋಡಿಗೆ ಮೊದಲ ಬಲೆ ಸಿಗದೆ ವರ್ಷಗಳಾಗಿದ್ದವು. ಶೀನ ಆಡಲೇಬೇಕು ಎಂದು ಊರಿಗೆ ಊರೇ ಬಂದು ಅವನ ತಾಯಿ ಗುಲಾಬಿಯ ಅಂಗಳದಲ್ಲಿ ಕೂತಿತು. ಗುಲಾಬಿ ಅವರಲ್ಲಿ ಯಾರ ಮುಖವನ್ನೂ ನೋಡಲಿಲ್ಲ. ಹೆರಿಯನ ಕಡೆ ತಿರುಗಿದಳು.

"ಬಾವ, ಕೊಂಡುಹೋಗುವುದು ನಿಮ್ಮ ದೋಣಿ. ಕೊಂಡುಬರುವುದೂ ನಿಮ್ಮ ದೋಣಿ. ಎಚ್ಚರ ಇರುವ ಮಗನನ್ನು ತಂದು ಕೊಡುವುದಾದರೆ ಕರಕೊಂಡು ಹೋಗಿ."

ಹೆರಿಯ ಹೂಂ ಎಂದ. ಅಷ್ಟೇ ಮಾತು. ಆದರೆ ಆ ಹೂಂ ಅವನ ಎದೆಯ ಮೇಲೆ ನೆನೆದ ಬಲೆಯ ಹಾಗೆ ಕೂತಿತು.

ಆ ಹುಣ್ಣಿಮೆಯ ಇಳಿತದಂಥ ಇಳಿತ ಮತ್ತೆ ಆಗಲಿಲ್ಲ ಎನ್ನುತ್ತಾರೆ. ದಿಬ್ಬ ಎದ್ದು ಬಂದದ್ದೇ ಬಂದದ್ದು, ಹೊಳೆ ಎರಡು ನೂಲಾಗಿ ಅದರ ಇಕ್ಕೆಲದಲ್ಲಿ ಹರಿಯಿತು. ಆಟ ಶುರುವಾಯಿತು. ನೆರಳುಗಳು ಉದ್ದವಾದವು. ಆಡುವವರಿಗಿಂತ ನೆರಳುಗಳೇ ಮುಂದೆ ಓಡುತ್ತಿದ್ದವು, ಚೆಂಡಿನ ನೆರಳನ್ನು ಕಾಲಿನ ನೆರಳು ಒದೆಯುತ್ತಿತ್ತು. ಅವರು ಒಂದು ಹೊಡೆದರೆ ಇವರು ಒಂದು. ಸೂರ್ಯ ಸಮುದ್ರ ಮುಟ್ಟಲು ಬಂದ, ಮೂಡಣ ಗುಡ್ಡದ ಹಿಂದೆ ಚಂದ್ರನ ಬೆಳಕು ಕೆಂಪಗೆ ಕಾಣಿಸಿತು, ಲೆಕ್ಕ ಇನ್ನೂ ಸಮ.

ಆಗ ನೀರು ಕುಡಿದು ಕಲ್ಲಿನಷ್ಟು ಭಾರವಾಗಿದ್ದ ಚೆಂಡು ಆಕಾಶದಿಂದ ಇಳಿಯಿತು. ಶೀನ ಎಗರಿದ, ಎದುರಿನವನೂ ಎಗರಿದ. ತೆಂಗಿನಕಾಯಿಗೆ ತೆಂಗಿನಕಾಯಿ ತಾಗಿದ ಸದ್ದು. ಎದುರಿನವನು ಹಣೆ ಹಿಡಿದುಕೊಂಡು ಕೂತ. ಶೀನ ಮರಳಲ್ಲಿ ಮುಖ ಮಾಡಿ ಮಲಗಿದ, ಆಮೇಲೆ ಎದ್ದ, ನನಗೇನೂ ಆಗಿಲ್ಲ ಎಂದ.

ಆ ಮಾತು ಹೆರಿಯನ ಕಿವಿಗೆ ಬೇರೊಬ್ಬನ ದನಿಯಲ್ಲಿ ಕೇಳಿಸಿತು. ದೋಣಿಯಿಂದ ಇಳಿದು ನಡೆದು ಬಂದ. ಎದುರಿನವನನ್ನು ಮೊದಲು ಕೇಳಿದ, ಅವನು ಪಕ್ಕದವನ ಹೆಸರು ಸರಿಯಾಗಿ ಹೇಳಿದ. ಅವನನ್ನು ನೆರಳಿಗೆ ಕಳಿಸಿದ. ಆಮೇಲೆ ಶೀನನ ಗಲ್ಲ ಹಿಡಿದು ಕೇಳಿದ.

"ಮಗಾ, ಬರುವಾಗ ದೋಣಿಯಲ್ಲಿ ನಿನ್ನ ಪಕ್ಕ ಯಾರು ಕೂತಿದ್ದರು?"

ಶೀನ ನಕ್ಕ. ಇದೂ ಒಂದು ಪ್ರಶ್ನೆಯಾ ಎನ್ನುವ ಹಾಗೆ ನಕ್ಕ.

"ಅಪ್ಪಯ್ಯ."

ಹೆರಿಯ ಶೀನನನ್ನು ಹಲಗೆಯ ಮೇಲೆ ಮಲಗಿಸಿದ, ದೋಣಿಗೆ ಇಡಿಸಿದ. ಇವನನ್ನು ಮನೆ ಮುಟ್ಟಿಸಿ, ಎಚ್ಚರ ಇದ್ದಾನೆಂದು ನೋಡಿಯೇ ತಾನು ತಿರುಗಿ ಬರುವುದು, ಅಷ್ಟರಲ್ಲಿ ನೀರು ಏರುತ್ತದೆ, ದೋಣಿ ಹಿಡಿಯುವಷ್ಟು ಜನ ಈಗಲೇ ಹತ್ತಿ ಎಂದ.

ದಾಸ ಶೆರೆಗಾರ ಓಡಿ ಬಂದು ದೋಣಿಯ ಅಂಚು ಹಿಡಿದ. "ಹೆರಿಯಾ, ನಿಂಗೆ ಎಂತ ಮರ್ಲಾ? ಹೈದ ನಿಂತ, ನಕ್ಕ, ಮಾತಾಡಿದ. ಇನ್ನು ಒಂದೇ ಒಂದು ಹೊಡೆದರೆ ವರ್ಷದ ಮೊದಲ ಬಲೆ ನಮ್ಮದು ಮಾರಾಯಾ!"

"ಅವನ ಅಪ್ಪನೂ ನಿಂತಿದ್ದ, ದಾಸಣ್ಣ. ಅವನೂ ನಕ್ಕಿದ್ದ. ಕೈ ತೆಗಿ."

ದಾಸ ಕೈ ತೆಗೆದ. ದೋಣಿಗೆ ಯಾರೂ ಹತ್ತಲಿಲ್ಲ. ಮೊದಲು ಬಿಟ್ಟವರು ಸೋತಂತೆ ಅಲ್ಲವೇ? ಅವರು ಹೋಗಲಿ ಎಂದು ಇವರು, ಇವರು ಹೋಗಲಿ ಎಂದು ಅವರು. ಹಣೆ ಊದಿದವನನ್ನು ಮಾತ್ರ ಹೆರಿಯ ತಾನೇ ಕೈ ಹಿಡಿದು ಎಳೆದು ಶೀನನ ಬಳಿ ಕೂರಿಸಿಕೊಂಡ. ದೋಣಿ ಹೊರಟಿತು. ಹೊಳೆಯ ನಡುವೆ ಶೀನ, ದೊಡ್ಡಪ್ಪಾ, ಎಲ್ಲಿಗೆ ಹೋಗುತ್ತಿದ್ದೇವೆ ಎಂದ. ಹೆರಿಯ ಈ ಸಲ ನಗಲಿಲ್ಲ. ಮನೆಗೆ ಎಂದ. ಶೀನ ಮತ್ತೆ ಕೇಳಿದ. ಮನೆಗೆ ಎಂದ. ದಡ ಮುಟ್ಟುವವರೆಗೂ ಅದೇ ಪ್ರಶ್ನೆ, ಅದೇ ಉತ್ತರ. ಅಂದು ಜಲ್ಲೆ ನೀರಿಗೆ ತಾಗಲೇ ಇಲ್ಲ, ದೋಣಿ ಆ ಮಾತಿನ ಮೇಲೆಯೇ ಹೋಯಿತು ಎನ್ನುತ್ತಾರೆ.

ಇತ್ತ ದಿಬ್ಬದಲ್ಲಿ ಆಟ ನಡೆಯುತ್ತಲೇ ಇತ್ತು. ನೀರು ಮೊದಲು ಕಾಲ್ಬೆರಳು ನೆನೆಸಿತು, ಆಮೇಲೆ ಕಾಲಿನ ಹರಡು ಮುಳುಗಿಸಿತು. ಓಟ ನಡಿಗೆಯಾಯಿತು, ನಡಿಗೆ ತೇಲಾಟವಾಯಿತು. ಕನಸಿನಲ್ಲಿ ಓಡುವವರಂತೆ ಎಲ್ಲರೂ ಕಾಲೆತ್ತಿ ಕಾಲೆತ್ತಿ ಇಡುತ್ತಿದ್ದರು, ಯಾರೂ ಎಲ್ಲಿಗೂ ಮುಟ್ಟುತ್ತಿರಲಿಲ್ಲ. ಗೋಲಿನ ಕಂಬಗಳು ಗಿಡ್ಡವಾದವು. ಚೆಂಡು ಕಾಲಿಗೆ ಸಿಗದೆ ಮೇಲಕ್ಕೆ ಬಂತು, ಏರುವ ನೀರು ಅದನ್ನು ಮೂಡಣಕ್ಕೆ ಎಳೆಯಿತು. ಅಷ್ಟರಲ್ಲಿ ಚಂದ್ರ ಪೂರ್ತಿ ಎದ್ದಿದ್ದ, ಹೊಳೆಯಲ್ಲಿ ಉದ್ದಕ್ಕೆ ದಾರಿ ಹಾಸಿದ್ದ. ಸಮುದ್ರದಿಂದ ಬಂದ ಚೆಂಡು ಆ ದಾರಿ ಹಿಡಿದು ಗುಡ್ಡದ ಕಡೆ ಹೋಯಿತು. ಹೋಗುತ್ತ ಹೋಗುತ್ತ ಯಾವುದು ಚೆಂಡು ಯಾವುದು ಚಂದ್ರ ಎಂದು ತಿಳಿಯದೆ ಹೋಯಿತು. ಎರಡೂ ದಡದವರು ಬಾಯಿ ತೆರೆದು ನೋಡುತ್ತ ನಿಂತರು. ನೋಡಿ ಮುಗಿದಾಗ ನೀರು ಸೊಂಟದ ಮೇಲಿತ್ತು.

ಹೆರಿಯ ತಿರುಗಿ ಬಂದಾಗ ಉದ್ದದವರ ಹೆಗಲ ಮೇಲೆ ಗಿಡ್ಡದವರು ಕೂತಿದ್ದರು. ಯಾವ ಹೆಗಲು ಯಾವ ದಡದ್ದೆಂದು ನೋಡುವ ಹೊತ್ತು ಅದಲ್ಲ. ದಾಸ ಶೆರೆಗಾರ ಮೂಡುಕೋಡಿಯ ಒಬ್ಬ ಜಟ್ಟಿಯ ಹೆಗಲ ಮೇಲಿದ್ದ, ಅಲ್ಲಿಂದಲೇ ಹೆರಿಯಣ್ಣಾ, ಹೆರಿಯಣ್ಣಾ ಎಂದು ಕೂಗುತ್ತಿದ್ದ. ಇಳಿಸಿಬಿಡಲಾ ಎಂದು ಆ ಜಟ್ಟಿ ಆಗಾಗ ಕೇಳುತ್ತಿದ್ದನಂತೆ. ಹೆರಿಯ ಯಾರನ್ನೂ ಬೈಯಲಿಲ್ಲ. ಕಾಲು ಉಳುಕಿದವರನ್ನು ಮೊದಲು ಎತ್ತಿಕೊಂಡ, ಪಾದ ಕೊಯ್ದುಕೊಂಡವರನ್ನು ಆಮೇಲೆ, ಈಜು ಬಾರದವರನ್ನು ಆಮೇಲೆ. ಗಂಟಲು ಸರಿ ಇದ್ದವರನ್ನು ಕೊನೆಗೆ.

ಆಟ ಯಾರದು ಎಂದು ಜಗಳವಾಯಿತು. ದಿಬ್ಬವನ್ನು ನಾವು ಬಿಟ್ಟದ್ದಲ್ಲ, ದಿಬ್ಬವೇ ನಮ್ಮನ್ನು ಬಿಟ್ಟದ್ದು ಎಂದು ಎರಡೂ ದಡದವರು ವಾದಿಸಿದರು. ಕೊನೆಗೆ ಆ ವರ್ಷ ಮೊದಲ ಬಲೆಯನ್ನು ಕೂಡಿ ಹಾಕಿದರು. ಒಗ್ಗಟ್ಟು ಬಂತು ಎಂದು ತಿಳಿಯಬೇಡಿ. ಪಾಲು ಹಂಚುವಾಗ ದೊಡ್ಡ ಮೀನೆಲ್ಲ ಆಚೆ ದಡಕ್ಕೇ ಹೋಯಿತು ಎಂದು ಇಂದಿಗೂ ಎರಡೂ ದಡದಲ್ಲಿ ಹೇಳುತ್ತಾರೆ.

ಹೆರಿಯನಿಗೆ ಮೀನಿನ ಗೊಡವೆ ಇರಲಿಲ್ಲ. ಅವನು ಗುಲಾಬಿಯ ಮನೆಯಲ್ಲಿ ಬಾಗಿಲು ಓರೆ ಮಾಡಿದ ಕತ್ತಲ ಕೋಣೆಯಲ್ಲಿ ಶೀನನ ಪಕ್ಕ ಕೂತಿದ್ದ. ಶೀನ ವಾಂತಿ ಮಾಡಿದ, ಮಲಗಿದ. ಗುಲಾಬಿ ಬಾಗಿಲ ಮರೆಯಲ್ಲೇ ನಿಂತಿದ್ದಳು. ಆಗಾಗ ಎಬ್ಬಿಸಿ ಹೆರಿಯ ಅದನ್ನೇ ಕೇಳುತ್ತಿದ್ದ. ದೋಣಿಯಲ್ಲಿ ನಿನ್ನ ಪಕ್ಕ ಯಾರಿದ್ದರು? ಅಪ್ಪಯ್ಯ ಎನ್ನುತ್ತಿದ್ದ ಶೀನ. ಮತ್ತೆ ಎಬ್ಬಿಸಿದರೆ ಅಪ್ಪಯ್ಯ. ಮುತ್ತ ಮಗನನ್ನು ಕರೆಯಲು ಬಂದಿದ್ದಾನೋ ಕಾಯಲು ಬಂದಿದ್ದಾನೋ ಹೆರಿಯನಿಗೆ ತಿಳಿಯಲಿಲ್ಲ. ಕಾಯುವುದಾದರೆ ಇಬ್ಬರೂ ಕಾಯೋಣ ಎಂದು ಗೋಡೆಗೆ ಹೇಳಿದನಂತೆ.

ಕೊನೆಗೊಂದು ಬೆಳಗ್ಗೆ ಶೀನ ಕಣ್ಣು ಬಿಟ್ಟು ಮುಖ ಸಿಂಡರಿಸಿದ.

"ಎಷ್ಟು ಸಲ ಕೇಳ್ತೀರಿ ದೊಡ್ಡಪ್ಪಾ? ಗೋಲು ಕಾಯುವ ಬಚ್ಚ ಕೂತಿದ್ದ. ಒಣಮೀನಿನ ಬುಟ್ಟಿಯ ಹಾಗೆ ನಾರುತ್ತಿದ್ದ."

ಗುಲಾಬಿ ಓರೆ ಮಾಡಿದ್ದ ಬಾಗಿಲನ್ನು ಪೂರ್ತಿ ತೆರೆದಳು. ಹೆರಿಯ ಎದ್ದು ಹೊರಗೆ ಬಂದ, ಜಗಲಿಯಲ್ಲಿ ಉದ್ದಕ್ಕೆ ಮಲಗಿದ. ಕಡವಿನಲ್ಲಿ ಎರಡೂ ಕಡೆ ಜನ ಸೇರಿ ದೋಣಿ, ದೋಣಿ ಎಂದು ಕೂಗಿದರು. ದಾಸ ಶೆರೆಗಾರನೇ ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಾಗಿಸಿದ ಎನ್ನುತ್ತಾರೆ. ನಿದ್ದೆಯಲ್ಲಿ ಹೆರಿಯ ನಗುತ್ತಿದ್ದನಂತೆ. ಮರುವರ್ಷ ಶೀನ ಮತ್ತೆ ಆಡುತ್ತೇನೆಂದು ಹಟ ಮಾಡಿದ. ತಲೆನೋವು ಪೂರ್ತಿ ಬಿಡುವ ತನಕ ಹೆರಿಯ ಅವನನ್ನು ದೋಣಿ ಹತ್ತಿಸಲಿಲ್ಲ.

ಹೆರಿಯ ಹೋಗಿ ಯಾವ ಕಾಲವಾಯಿತೋ. ಈಗ ಹೊಳೆಗೆ ಸೇತುವೆ ಇದೆ, ಕಡವು ಇಲ್ಲ. ದಿಬ್ಬವೂ ಕರಗಿತು, ಆಟ ದಡದ ಮೈದಾನಕ್ಕೆ ಬಂತು. ಆದರೆ ಇವತ್ತಿಗೂ ಆ ಊರಲ್ಲಿ ಫುಟ್‌ಬಾಲ್ ಶುರುವಾಗುವ ಮೊದಲು ಎರಡೂ ಕಡೆಯ ಆಟಗಾರರು ಸಾಲಾಗಿ ನಿಂತು, ಬೂಟು ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಮೈದಾನವಿಡೀ ನಡೆಯುತ್ತಾರೆ. ಗಾಜಿನ ಚೂರೋ ಮೊಳೆಯೋ ಸಿಕ್ಕಿದರೆ ಬುಟ್ಟಿಗೆ ಹಾಕುತ್ತಾರೆ. ಗೋಲಿನ ಬದಿಯಲ್ಲಿ ಮನುಷ್ಯನುದ್ದದ ಒಂದು ಹಲಗೆ ಇರುತ್ತದೆ, ಅದರ ಮೇಲೆ ಯಾರೂ ಸುಮ್ಮನೆ ಕೂರುವುದಿಲ್ಲ.

ತಲೆಗೆ ಪೆಟ್ಟಾಗಿ ಒಬ್ಬ ಬಿದ್ದನೆಂದರೆ ಆಟ ನಿಲ್ಲುತ್ತದೆ. ಲೆಕ್ಕ ಸಮ ಇರಲಿ, ಒಂದೇ ನಿಮಿಷ ಉಳಿದಿರಲಿ, ನಿಲ್ಲುತ್ತದೆ. ಅವನು ಏನೂ ಆಗಿಲ್ಲ ಎನ್ನುತ್ತಾನೆ, ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಎರಡೂ ಕಡೆಯವರು ಅವನ ಸುತ್ತ ಮಂಡಿಯೂರುತ್ತಾರೆ, ಹಿರಿಯನೊಬ್ಬ ಗಲ್ಲ ಹಿಡಿದು ಕೇಳುತ್ತಾನೆ, ದೋಣಿಯಲ್ಲಿ ನಿನ್ನ ಪಕ್ಕ ಯಾರು ಕೂತಿದ್ದರು ಎಂದು. ಬಿದ್ದವನು ಬಂದದ್ದು ಬೈಕಿನಲ್ಲಿ, ಸೇತುವೆ ದಾಟಿ. ಹುಟ್ಟಿದಾಗಿನಿಂದ ದೋಣಿ ಹತ್ತಿದವನಲ್ಲ. ಆದರೂ ಆ ಊರಲ್ಲಿ ಬೆಳೆದ ಯಾರಿಗಾದರೂ, ನೆನಪು ನೆಟ್ಟಗಿದ್ದರೆ, ಬಾಯಿಗೆ ಬರುವ ಹೆಸರು ಒಂದೇ.

"ಹೆರಿಯಣ್ಣ."

ಹಾಗೆಂದವನನ್ನು ನೆರಳಿಗೆ ಕೂರಿಸುತ್ತಾರೆ. ಹಾಗೆನ್ನಲು ತಡವರಿಸಿದವನಿಗೆ ಹಲಗೆ ಬರುತ್ತದೆ, ಅವನ ಜೊತೆ ಮನೆಯವರೆಗೆ ಹೋಗಲು ಎರಡೂ ಕಡೆಯಿಂದ ಒಬ್ಬೊಬ್ಬರು ಏಳುತ್ತಾರೆ. ಅವರು ತಿರುಗಿ ಬಂದು, ಎಚ್ಚರ ಇದ್ದಾನೆ ಎನ್ನುವ ತನಕ ಚೆಂಡನ್ನು ಯಾರೂ ಮುಟ್ಟುವುದಿಲ್ಲ.